ಮಕ್ಕಳ ಹಕ್ಕುಗಳ ಕಾನೂನನ್ನು ಊರಿಗೆ ತಿಳಿಸುವುದು: ಒಂದು ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುವ ಬಗೆ

‘ಬಾಲ್ಯವಿವಾಹ ಶಿಕ್ಷಾರ್ಹ ಅಪರಾಧ’ ಎಂಬ ಗೋಡೆಬರಹ ಕರ್ನಾಟಕದ ಹಳ್ಳಿಗಳಲ್ಲಿ ಈಗ ಸಾಮಾನ್ಯ. ಆದರೆ ಅದೇ ಗೋಡೆಯ ಪಕ್ಕದ ಕಟ್ಟೆಯಲ್ಲಿ ಕುಳಿತವರನ್ನು, ‘ನಿಮ್ಮ ಬೀದಿಯ ಒಂಬತ್ತನೇ ತರಗತಿಯ ಹುಡುಗಿಗೆ ಬರುವ ಭಾನುವಾರ ಮದುವೆ ನಿಶ್ಚಯವಾಗಿದೆ ಎಂದಿಟ್ಟುಕೊಳ್ಳಿ, ಈಗ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ, ಹೇಳಿದವರ ಹೆಸರು ಹೊರಗೆ ಬರುತ್ತದೆಯೇ’ ಎಂದು ಕೇಳಿದರೆ ಖಚಿತವಾಗಿ ಉತ್ತರಿಸುವವರು ವಿರಳ. ಅಪರಾಧ ಎಂಬುದು ಎಲ್ಲರಿಗೂ ಗೊತ್ತಿದೆ. ಮುಂದಿನ ಹೆಜ್ಜೆ ಗೊತ್ತಿಲ್ಲ. ಕಾನೂನು ಅರಿವಿನ ಕೆಲಸ ಮಾಡಹೊರಟ ಶಿಕ್ಷಕರು, ಸ್ವಸಹಾಯ ಸಂಘದ ಸದಸ್ಯೆಯರು, ಯುವಕ ಮಂಡಲಗಳು ಮತ್ತು ಕಿರಿಯ ವಕೀಲರು ತುಂಬಬೇಕಾದದ್ದು ಈ ಕೊರತೆಯನ್ನು. ಅದಕ್ಕೆ ಒಂದು ಗ್ರಾಮ ಪಂಚಾಯಿತಿಯ ವ್ಯಾಪ್ತಿ ಸಾಕು, ಒಂದು ವರ್ಷದ ತಾಳ್ಮೆ ಬೇಕು.

ಆರಂಭಿಸುವ ಮುನ್ನ ಒಂದು ವಿಷಯ ನಿಮಗೆ ಸ್ಪಷ್ಟವಿರಲಿ. ಅರಿವು ಮೂಡಿಸುವುದು ಸರ್ಕಾರದ ಕರ್ತವ್ಯವೆಂದು ಕಾನೂನೇ ಹೇಳುತ್ತದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್ 11ರಂದು ಸೇರಿತು. ಅದರ 42ನೇ ವಿಧಿಯು ಒಡಂಬಡಿಕೆಯ ತತ್ವಗಳನ್ನು ದೊಡ್ಡವರಿಗೂ ಮಕ್ಕಳಿಗೂ ವ್ಯಾಪಕವಾಗಿ ತಿಳಿಸುವ ಹೊಣೆಯನ್ನು ಸದಸ್ಯ ರಾಷ್ಟ್ರಗಳ ಮೇಲೆ ಹೊರಿಸುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಆ ಕಾಯ್ದೆಯ ವಿಷಯವನ್ನು ಟಿವಿ, ರೇಡಿಯೊ ಮತ್ತು ಪತ್ರಿಕೆಗಳ ಮೂಲಕ ನಿಯತವಾಗಿ ಪ್ರಚಾರ ಮಾಡಬೇಕು. ಸಮಾಜದ ಎಲ್ಲ ವರ್ಗಗಳಲ್ಲಿ ಮಕ್ಕಳ ಹಕ್ಕುಗಳ ತಿಳಿವಳಿಕೆ ಹರಡುವುದು 2005ರ ಕಾಯ್ದೆಯಡಿ ರಚನೆಯಾದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕೆಲಸಗಳಲ್ಲಿ ಒಂದು. ಆದ್ದರಿಂದ ಅಧಿಕಾರಿಗಳ ಬಳಿ ಹೋಗುವಾಗ ಉಪಕಾರ ಕೇಳುವವರಂತೆ ಹೋಗಬೇಕಾಗಿಲ್ಲ. ಅವರು ಮಾಡಬೇಕಾದ ಕೆಲಸದಲ್ಲಿ ಕೈಜೋಡಿಸಲು ಬಂದಿದ್ದೇವೆಂದು ಹೇಳಿ, ಕರಪತ್ರ, ಸಭಾಂಗಣ, ಸಂಪನ್ಮೂಲ ವ್ಯಕ್ತಿಗಳನ್ನು ನೇರವಾಗಿ ಕೇಳಬಹುದು.

ಮೊದಲು ಕಚೇರಿಗಳು, ಆಮೇಲೆ ಕರಪತ್ರ

ಬಹಳಷ್ಟು ಅಭಿಯಾನಗಳು ಮೆರವಣಿಗೆಯಿಂದ ಆರಂಭವಾಗುತ್ತವೆ. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗಾದ ಕ್ರಮ. ‘ತೊಂದರೆಯಾದರೆ ಹೇಳಿ’ ಎಂದು ನೂರು ಮಕ್ಕಳಿಗೆ ಹೇಳಿ, ಅವರಲ್ಲೊಬ್ಬಳು ಧೈರ್ಯಮಾಡಿ ಹೇಳಿದಾಗ ಯಾರೂ ಸ್ಪಂದಿಸದೆ ಹೋದರೆ, ಆ ಮಗು ಇನ್ನೆಂದೂ ಬಾಯಿ ಬಿಡುವುದಿಲ್ಲ. ಅವಳನ್ನು ನೋಡಿದ ಉಳಿದವರೂ ಬಿಡುವುದಿಲ್ಲ. ಹೀಗಾಗಿ ಮೊದಲ ತಿಂಗಳನ್ನು ಸ್ಪಂದಿಸಬೇಕಾದವರು ಯಾರು, ಎಲ್ಲಿದ್ದಾರೆ ಎಂದು ತಿಳಿಯಲು ಮೀಸಲಿಡಬೇಕು.

ಊರಿನ ಮಟ್ಟದಲ್ಲಿ ಅಂಗನವಾಡಿ ಕಾರ್ಯಕರ್ತೆ, ಆಶಾ, ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬೀಟ್ ಪೊಲೀಸ್ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಇರುತ್ತಾರೆ. ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಕ್ಷೇತ್ರ ಶಿಕ್ಷಣಾಧಿಕಾರಿ, ತಹಶೀಲ್ದಾರ್, ಕಾರ್ಮಿಕ ನಿರೀಕ್ಷಕರು ಮತ್ತು ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿ. ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕ, ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಮಕ್ಕಳ ಕಲ್ಯಾಣ ಸಮಿತಿ, ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಕ್ಕಳಿಗಾಗಿ ಬಾಲ ನ್ಯಾಯ ಮಂಡಳಿ, ವಿಶೇಷ ಬಾಲ ಪೊಲೀಸ್ ಘಟಕ. ಈ ಪಟ್ಟಿಯನ್ನು ಓದಿ ಬಿಡುವುದರಿಂದ ಪ್ರಯೋಜನವಿಲ್ಲ. ಒಂದೊಂದು ಕಚೇರಿಗೂ ಹೋಗಿ, ಈಗ ಆ ಕುರ್ಚಿಯಲ್ಲಿರುವವರನ್ನು ಕಂಡು, ರಾತ್ರಿ ಕರೆ ಮಾಡಿದರೆ ಯಾರು ಎತ್ತುತ್ತಾರೆ, ವಾಹನ ಎಲ್ಲಿಂದ ಬರುತ್ತದೆ, ಮಗುವನ್ನು ರಾತ್ರಿ ಎಲ್ಲಿ ಇರಿಸುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಬಾಲ ನ್ಯಾಯ ಕಾಯ್ದೆಯಂತೆ, ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ನಿಮ್ಮ ಊರಿನಿಂದ ಆ ಸಮಿತಿ ಕೂರುವ ಸ್ಥಳಕ್ಕೆ ಎಷ್ಟು ದೂರ, ವಾರದಲ್ಲಿ ಯಾವ ದಿನಗಳಲ್ಲಿ ಅದು ಕೂರುತ್ತದೆ ಎಂಬುದನ್ನೂ ತಿಳಿದಿರಬೇಕು.

ಊರಿಗೆ ಕಲಿಸಬೇಕಾದ ಸಂಖ್ಯೆಗಳು ಮೂರೇ. ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಉಚಿತ. ತುರ್ತು ಪೊಲೀಸ್ ನೆರವಿಗೆ 112. ಉಚಿತ ಕಾನೂನು ಸಲಹೆಗೆ 15100. ಈ ಕೊನೆಯದು ಹಳ್ಳಿಗಳಲ್ಲಿ ಹೆಚ್ಚು ಪರಿಚಿತವಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರ ನೆರವು ಪಡೆಯಬಹುದು. ‘ಕೋರ್ಟಿಗೆ ಹೋಗಲು ದುಡ್ಡೆಲ್ಲಿಂದ ತರುವುದು’ ಎಂಬ ತಾಯಿಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಒಂದು ವರ್ಷಕ್ಕೆ ಒಂದೇ ವಿಷಯ

ಶಿಕ್ಷಣದ ಹಕ್ಕು, ಬಾಲಕಾರ್ಮಿಕ ನಿಷೇಧ, ಬಾಲ್ಯವಿವಾಹ, ಲೈಂಗಿಕ ದೌರ್ಜನ್ಯ, ದತ್ತು, ಬಾಲ ನ್ಯಾಯ ಎಲ್ಲವನ್ನೂ ಒಂದೇ ಭಾಷಣದಲ್ಲಿ ಹೇಳಿದರೆ ಮನೆಗೆ ಹೋಗುವಷ್ಟರಲ್ಲಿ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ನಿಮ್ಮ ಊರಿನ ಮಕ್ಕಳಿಗೆ ಅತಿ ಹೆಚ್ಚು ನಷ್ಟ ಮಾಡುತ್ತಿರುವುದು ಯಾವುದು ಎಂದು ಕಂಡುಕೊಂಡು, ಅದನ್ನು ವರ್ಷದ ಮುಖ್ಯ ವಿಷಯವಾಗಿಸಿ.

ಇದನ್ನು ಕಂಡುಕೊಳ್ಳಲು ದೊಡ್ಡ ಸಮೀಕ್ಷೆ ಬೇಕಾಗಿಲ್ಲ. ಶಾಲೆಯ ಹಾಜರಿ ಪುಸ್ತಕ ಸಾಕು. ಏಳನೇ ತರಗತಿಯಲ್ಲಿ ಇದ್ದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಹತ್ತನೇ ತರಗತಿಗೆ ಬಂದರು, ಬಾರದವರು ಎಲ್ಲಿದ್ದಾರೆ ಎಂದು ಮುಖ್ಯ ಶಿಕ್ಷಕರ ಜೊತೆ ಕುಳಿತು ಹೆಸರು ಹೆಸರಾಗಿ ನೋಡಿ. ದೀಪಾವಳಿಯ ನಂತರ ಹಾಜರಿ ಕುಸಿದರೆ ಕುಟುಂಬಗಳು ಗುಳೆ ಹೋಗಿರಬಹುದು. ಬೆಳೆಯ ಕೆಲಸದ ಹಂಗಾಮಿನಲ್ಲಿ ಕುಸಿದರೆ ಮಕ್ಕಳು ಕೂಲಿಗೆ ಹೋಗುತ್ತಿರಬಹುದು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಬೆನ್ನಿಗೇ ಹುಡುಗಿಯರು ಕಾಣೆಯಾದರೆ ಅದರ ಅರ್ಥ ಊರಿಗೆಲ್ಲ ಗೊತ್ತಿರುತ್ತದೆ. ಈ ಮಾಹಿತಿಯಲ್ಲಿ ಮಕ್ಕಳ ಹೆಸರಿರುವುದರಿಂದ ಅದನ್ನು ಶಾಲೆಯ ಹೊರಗೆ ಒಯ್ಯಬಾರದು, ಮೊಬೈಲಿನಲ್ಲಿ ಫೋಟೊ ತೆಗೆಯಬಾರದು.

ಇಲ್ಲಿ ಬಾಲ್ಯವಿವಾಹವನ್ನೇ ಉದಾಹರಣೆಯಾಗಿ ತೆಗೆದುಕೊಂಡು ವಿವರವಾಗಿ ಹೇಳುತ್ತೇನೆ. ಏಕೆಂದರೆ ಅದೊಂದನ್ನು ಹಿಡಿದರೆ ಶಿಕ್ಷಣ, ಆರೋಗ್ಯ, ಪೋಕ್ಸೊ ಎಲ್ಲವೂ ಅದರ ಜೊತೆಗೇ ಬರುತ್ತವೆ.

ಏನನ್ನು ಹೇಳಬೇಕು

ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಂತೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು ಎಂಬಷ್ಟು ಜನರಿಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳಿ. ದೇಶದ ಬಹುಭಾಗದಲ್ಲಿ ಇಂಥ ಮದುವೆಯನ್ನು ರದ್ದುಮಾಡಿಸಲು ಮಗುವಾಗಿದ್ದವರೇ ನ್ಯಾಯಾಲಯಕ್ಕೆ ಹೋಗಬೇಕು. ಕರ್ನಾಟಕವು ತನ್ನ 2016ರ ತಿದ್ದುಪಡಿಯ ಮೂಲಕ ಆ ತಿದ್ದುಪಡಿ ಜಾರಿಯಾದ ನಂತರ ನಡೆದ ಬಾಲ್ಯವಿವಾಹಗಳನ್ನೆಲ್ಲ ಆರಂಭದಿಂದಲೇ ಅಸಿಂಧುವೆಂದು ಸಾರಿದೆ. ಅಂದರೆ ತಾಳಿ ಕಟ್ಟಿದ್ದರೂ ಕಾನೂನಿನ ಕಣ್ಣಿನಲ್ಲಿ ಅದು ಮದುವೆಯಲ್ಲ. ‘ಒಮ್ಮೆ ಆಗಿಹೋದ ಮೇಲೆ ಏನೂ ಮಾಡಲಾಗದು’ ಎಂಬ ಭಾವನೆಯೇ ಅವಸರದ, ಗುಟ್ಟಿನ ಮದುವೆಗಳಿಗೆ ಬಲ ಕೊಡುವುದರಿಂದ ಈ ಒಂದು ಅಂಶವನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಎರಡನೆಯದು ಶಿಕ್ಷೆಯ ವ್ಯಾಪ್ತಿ. ಎರಡು ವರ್ಷದವರೆಗಿನ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡ ತಂದೆ ಅಥವಾ ಪೋಷಕರಿಗೆ ಮಾತ್ರ ಸೀಮಿತವಲ್ಲ. ಮದುವೆ ನೆರವೇರಿಸಿದವರು, ನಡೆಸಿದವರು, ಕುಮ್ಮಕ್ಕು ಕೊಟ್ಟವರು ಎಲ್ಲರೂ ಅದರಡಿ ಬರುತ್ತಾರೆ. ಕರ್ನಾಟಕದಲ್ಲಿ ಕನಿಷ್ಠ ಒಂದು ವರ್ಷದ ಸಜೆಯೂ ಇದೆ. ಪುರೋಹಿತರು, ಖಾಜಿಗಳು, ಕಲ್ಯಾಣ ಮಂಟಪದ ಮಾಲೀಕರು, ಲಗ್ನಪತ್ರಿಕೆ ಮುದ್ರಿಸುವವರು, ಅಡುಗೆ ಭಟ್ಟರು, ಶಾಮಿಯಾನದವರು, ಫೋಟೊ ತೆಗೆಯುವವರು ಇವರನ್ನು ಒಟ್ಟಿಗೆ ಕರೆದು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರಿಂದ ಒಂದು ಗಂಟೆ ಮಾತನಾಡಿಸುವುದು ಹತ್ತು ಬೀದಿ ಮೆರವಣಿಗೆಗಿಂತ ಹೆಚ್ಚು ಫಲ ಕೊಡುತ್ತದೆ. ಮುಂಗಡ ಪಡೆಯುವ ಮುನ್ನ ವಯಸ್ಸಿನ ದಾಖಲೆ ನೋಡುವುದು ಅವರ ಸ್ವಂತ ರಕ್ಷಣೆಗೂ ಒಳ್ಳೆಯದೆಂದು ಅವರಿಗೆ ಮನವರಿಕೆಯಾದರೆ, ಊರಿನ ಪ್ರತಿ ಮದುವೆಯಲ್ಲೂ ನಾಲ್ಕೈದು ಜನ ಆ ಪ್ರಶ್ನೆಯನ್ನು ತಾವಾಗಿಯೇ ಕೇಳತೊಡಗುತ್ತಾರೆ.

ಇಲ್ಲಿಯೇ ವಯಸ್ಸಿನ ದಾಖಲೆಯ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜಗಳವೆಲ್ಲ ಹುಟ್ಟುವುದು ಇಲ್ಲೇ. ಅನೇಕ ಕಡೆ ಆಧಾರ್ ಕಾರ್ಡನ್ನು ಮುಂದಿಟ್ಟು ‘ಹುಡುಗಿಗೆ ಹದಿನೆಂಟು ತುಂಬಿದೆ’ ಎನ್ನುತ್ತಾರೆ. ಆಧಾರ್ ಗುರುತಿನ ದಾಖಲೆಯೇ ಹೊರತು ಜನ್ಮದಿನಾಂಕಕ್ಕೆ ಪುರಾವೆಯಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಬಾಲ ನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಕೊಡುವ ಕ್ರಮ ಹೀಗಿದೆ: ಮೊದಲು ಶಾಲೆ ನೀಡಿದ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆ ಅಥವಾ ಪಾಲಿಕೆ ಕೊಟ್ಟ ಜನನ ಪ್ರಮಾಣಪತ್ರ, ಇವೆರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಆದ್ದರಿಂದ ಮುದ್ರಣಾಲಯದವರಿಗೂ ಮಂಟಪದವರಿಗೂ ಹೇಳಬೇಕಾದ ಮಾತು ಒಂದೇ: ಆಧಾರ್ ಸಾಲದು, ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರವನ್ನೋ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೋ ಜನನ ಪ್ರಮಾಣಪತ್ರವನ್ನೋ ನೋಡಿ. ಜೊತೆಗೆ ಬಾಣಂತಿಯರ ಸಭೆಗಳಲ್ಲಿ, ಮಗು ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿ ಮಾಡಿಸಬೇಕೆಂದೂ, 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯ ಸೇರ್ಪಡೆಯಿಂದ ಮದುವೆಯ ನೋಂದಣಿಯವರೆಗೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರವೆಂದೂ ತಿಳಿಸಿ. ಇಂದು ಮಾಡಿಸಿದ ನೋಂದಣಿ ಹದಿನೈದು ವರ್ಷಗಳ ನಂತರ ಒಂದು ಹುಡುಗಿಯನ್ನು ಕಾಯುತ್ತದೆ.

ಮೂರನೆಯದು ತಡೆಯಾಜ್ಞೆ. ಇದನ್ನು ಬಲ್ಲವರು ವಕೀಲರಲ್ಲೂ ಕಡಿಮೆ. ಕಾಯ್ದೆಯ 13ನೇ ಸೆಕ್ಷನ್ ಅಡಿ, ಬಾಲ್ಯವಿವಾಹ ನಿಶ್ಚಯವಾಗಿದೆ ಎಂಬ ಮಾಹಿತಿ ಬಂದರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರು ಅದನ್ನು ನಿಲ್ಲಿಸುವ ಆಜ್ಞೆ ಹೊರಡಿಸಬಹುದು. ನಂಬಲರ್ಹ ಮಾಹಿತಿ ಇದ್ದಲ್ಲಿ ತಾವಾಗಿಯೇ ಕ್ರಮ ಕೈಗೊಳ್ಳಬಹುದು. ಅರ್ಜಿಯನ್ನು ಬಾಲ್ಯವಿವಾಹ ನಿಷೇಧಾಧಿಕಾರಿ ಸಲ್ಲಿಸಬಹುದು, ವಿಷಯ ತಿಳಿದ ಬೇರೆಯವರೂ ದೂರು ಕೊಡಬಹುದು. ಕರ್ನಾಟಕದಲ್ಲಿ ಈ ನಿಷೇಧಾಧಿಕಾರಿಯ ಅಧಿಕಾರವನ್ನು ಹಲವು ಇಲಾಖೆಗಳಿಗೆ, ಪಿಡಿಒ ಮಟ್ಟದವರೆಗೂ ಹಂಚಲಾಗಿದೆ. ತನಗೆ ಈ ಅಧಿಕಾರವಿದೆ ಎಂಬುದೇ ಕೆಲವರ ಗಮನಕ್ಕೆ ಬಂದಿರುವುದಿಲ್ಲ, ಹಾಗಾಗಿ ಅರಿವಿನ ಮೊದಲ ಸಭೆಯನ್ನು ಅಧಿಕಾರಿಗಳಿಗಾಗಿಯೇ ನಡೆಸುವುದು ಒಳ್ಳೆಯದು.

ನಾಲ್ಕನೆಯದನ್ನು ಹೇಳಲು ಅನೇಕರು ಹಿಂಜರಿಯುತ್ತಾರೆ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ಮತ್ತು ಈಗ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ, 18 ತುಂಬದ ಹೆಂಡತಿಯೊಡನೆ ದೈಹಿಕ ಸಂಪರ್ಕ ಅತ್ಯಾಚಾರ. ಆಕೆ ಗರ್ಭಿಣಿಯಾಗಿ ಆಸ್ಪತ್ರೆಗೆ ಬಂದರೆ ವೈದ್ಯರು ಪೋಕ್ಸೊ ಅಡಿ ಮಾಹಿತಿ ಕೊಡಲೇಬೇಕು. ಈ ಮಾತನ್ನು ಬೆದರಿಕೆಯಾಗಿ ಹೇಳಿದರೆ ಕುಟುಂಬಗಳು ಹುಡುಗಿಯನ್ನು ಆಸ್ಪತ್ರೆಗೇ ಕರೆತರದೆ ಮನೆಯಲ್ಲಿ ಹೆರಿಗೆ ಮಾಡಿಸುತ್ತವೆ, ಆಗ ಆಕೆಯ ಜೀವಕ್ಕೇ ಅಪಾಯ. ಆದ್ದರಿಂದ ಮದುವೆಗೆ ಮುಂಚಿನ ಸಭೆಗಳಲ್ಲಿ ಇದನ್ನು ಪರಿಣಾಮವೆಂದು ವಿವರಿಸಿ. ಈಗಾಗಲೇ ಗರ್ಭಿಣಿಯಾದವಳ ಮನೆಯಲ್ಲಿ ಮಾತ್ರ, ಚಿಕಿತ್ಸೆ ಆಕೆಯ ಹಕ್ಕು, ಯಾವ ಆಸ್ಪತ್ರೆಯೂ ಅದನ್ನು ನಿರಾಕರಿಸುವಂತಿಲ್ಲ ಎಂಬುದನ್ನೇ ಮೊದಲು ಹೇಳಿ.

ಯಾವಾಗ, ಎಲ್ಲಿ, ಯಾರ ಬಾಯಿಂದ

ಮದುವೆಯ ಕಾಲ ವೈಶಾಖ. ಬಸವ ಜಯಂತಿಯ ದಿನವೇ ಅಕ್ಷಯ ತೃತೀಯವೂ ಆಗಿರುವುದರಿಂದ ಅಂದು ಮಠ, ದೇವಸ್ಥಾನಗಳ ಸಾಮೂಹಿಕ ವಿವಾಹಗಳು ಹೆಚ್ಚು. ಆ ದಿನದ ಅಪಾಯವನ್ನು ಕಾಯ್ದೆಯೇ ಹೆಸರಿಸಿ, ಅಂಥ ಸಂದರ್ಭದಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾ ದಂಡಾಧಿಕಾರಿಯನ್ನೇ ನಿಷೇಧಾಧಿಕಾರಿಯೆಂದು ಪರಿಗಣಿಸುತ್ತದೆ. ಆದರೆ ಏಪ್ರಿಲ್‌ನಲ್ಲಿ ಜಾಥಾ ನಡೆಸುವುದು ತಡವಾದ ಕೆಲಸ. ಅಷ್ಟರಲ್ಲಿ ಮಾತುಕತೆ ಮುಗಿದು, ಸೀರೆ ಬಂಗಾರ ಕೊಂಡು, ಸಾಲವಾಗಿರುತ್ತದೆ. ನಿಲ್ಲಿಸುವುದು ಆ ಮನೆಗೆ ಅವಮಾನವಾಗಿ ಕಾಣುತ್ತದೆ. ಹೆಣ್ಣು ನೋಡುವ ಮಾತು ಸಂಕ್ರಾಂತಿಯಿಂದ ಶಿವರಾತ್ರಿಯ ನಡುವೆ ಆರಂಭವಾಗುವ ಕಡೆ ನಿಮ್ಮ ಕೆಲಸವೂ ಆಗಲೇ ನಡೆದಿರಬೇಕು. ಸಾಮೂಹಿಕ ವಿವಾಹ ಏರ್ಪಡಿಸುವ ಸಮಿತಿಗಳೊಡನೆ ಒಂದೆರಡು ತಿಂಗಳು ಮೊದಲೇ ಕುಳಿತು, ನೋಂದಣಿಯ ಅರ್ಜಿಯಲ್ಲೇ ಶಾಲಾ ದಾಖಲೆ ಕೇಳುವಂತೆ ಮಾಡಿಸಿ.

ಸ್ಥಳದ ವಿಷಯದಲ್ಲಿ, ಜನರನ್ನು ಸಭೆಗೆ ಕರೆಯುವ ಬದಲು ಜನ ಸೇರುವ ಕಡೆ ನೀವು ಹೋಗಿ. ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಸಾಲು ನಿಲ್ಲುತ್ತದೆ. ಹಾಲು ಅಳೆಯುವಷ್ಟು ಹೊತ್ತಿನಲ್ಲಿ ಒಂದೇ ಸಂಗತಿಯನ್ನು ಹೇಳಬಹುದು, ಮರುದಿನ ಇನ್ನೊಂದನ್ನು. ನ್ಯಾಯಬೆಲೆ ಅಂಗಡಿ, ಉದ್ಯೋಗ ಖಾತ್ರಿಯ ಕೆಲಸದ ಜಾಗ, ವಾರದ ಸಂತೆ, ಸ್ತ್ರೀಶಕ್ತಿ ಸಂಘದ ಉಳಿತಾಯದ ಸಭೆ, ಅಂಗನವಾಡಿಯಲ್ಲಿ ತಾಯಂದಿರು ಸೇರುವ ದಿನ, ಮಸೀದಿಯ ಶುಕ್ರವಾರದ ಪ್ರಾರ್ಥನೆಯ ನಂತರದ ಹೊತ್ತು, ಚರ್ಚಿನ ಭಾನುವಾರ, ಮಠದ ಅಮಾವಾಸ್ಯೆಯ ದಾಸೋಹ ಎಲ್ಲವೂ ಸಿದ್ಧ ಸಭೆಗಳೇ. ಪಂಚಾಯಿತಿಯ ಕಸದ ಗಾಡಿಯ ಧ್ವನಿವರ್ಧಕದಲ್ಲಿ ಅರ್ಧ ನಿಮಿಷದ ಸಂದೇಶ ಹಾಕಿಸಬಹುದು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ‘ನಮ್ಮ ಧ್ವನಿ’ಯಂಥ ಸಮುದಾಯ ಬಾನುಲಿ ಹತ್ತಿರದಲ್ಲಿದ್ದರೆ ಊರಿನವರ ದನಿಯಲ್ಲೇ ಪ್ರಶ್ನೋತ್ತರ ನಡೆಸಿ.

ಭಾಷೆಯೂ ಅಷ್ಟೇ ಮುಖ್ಯ. ತಾಂಡಾದಲ್ಲಿ ಲಂಬಾಣಿಯಲ್ಲಿ, ಉರ್ದು ಮನೆಮಾತಿನ ಓಣಿಯಲ್ಲಿ ಉರ್ದುವಿನಲ್ಲಿ, ಕರಾವಳಿಯಲ್ಲಿ ತುಳುವಿನಲ್ಲಿ ಹೇಳುವವರನ್ನು ಆ ಸಮುದಾಯದೊಳಗಿಂದಲೇ ಕರೆತರಬೇಕು. ಸಭೆಯಲ್ಲಿ ತಲೆಯಾಡಿಸಿದವರು ಒಪ್ಪಿದರೆಂದು ತಿಳಿಯಬೇಡಿ. ಅರ್ಥವಾಗದಾಗಲೂ ಜನ ಸಂಕೋಚಕ್ಕೆ ತಲೆಯಾಡಿಸುತ್ತಾರೆ. ಗೀಗೀ ಪದ, ಲಾವಣಿ, ಸಣ್ಣಾಟ, ಬೀದಿ ನಾಟಕಗಳನ್ನು ಬಳಸುವಾಗ ಒಂದು ಎಚ್ಚರ ಬೇಕು: ನಾಟಕದ ಕೊನೆಯಲ್ಲಿ ಪೊಲೀಸರು ಬಂದು ಅಪ್ಪನ ಕೈಗೆ ಕೋಳ ತೊಡಿಸುವ ದೃಶ್ಯ ಚಪ್ಪಾಳೆ ಗಿಟ್ಟಿಸುತ್ತದೆ, ಆದರೆ ಅದನ್ನು ನೋಡಿದ ಹುಡುಗಿ ‘ನಾನು ಹೇಳಿದರೆ ಅಪ್ಪ ಜೈಲಿಗೆ ಹೋಗುತ್ತಾನೆ’ ಎಂದು ತಿಳಿದು ಸುಮ್ಮನಾಗುತ್ತಾಳೆ. ಮದುವೆಗೆ ಮೊದಲೇ ಮಾಹಿತಿ ಬಂದ ಸಂದರ್ಭಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ: ಅಧಿಕಾರಿಗಳು ಮನೆಗೆ ಬಂದು ದಾಖಲೆ ನೋಡಿ, ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡು, ಅಗತ್ಯವಿದ್ದರೆ ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ನಾಟಕದಲ್ಲಿ ಅದನ್ನೇ ತೋರಿಸಿ. ಬೇಗ ಹೇಳಿದಷ್ಟೂ ಅಪ್ಪ ಅಮ್ಮನೂ ಉಳಿಯುತ್ತಾರೆ ಎಂಬುದು ಮಕ್ಕಳಿಗೆ ತಲುಪಬೇಕಾದ ಸಂದೇಶ.

ಬಡತನದ ಮಾತು ಬಂದಾಗ

‘ಓದಿಸಲು ನೀವು ದುಡ್ಡು ಕೊಡುತ್ತೀರಾ? ವಯಸ್ಸಿಗೆ ಬಂದ ಹುಡುಗಿಯನ್ನು ಮನೆಯಲ್ಲಿ ಬಿಟ್ಟು ಕೂಲಿಗೆ ಹೋದರೆ ಅವಳನ್ನು ಕಾಯುವವರು ಯಾರು?’ ಈ ಪ್ರಶ್ನೆಗಳನ್ನು ಪ್ರತಿ ಊರಿನಲ್ಲೂ ಕೇಳುತ್ತೀರಿ. ಇವು ನೆಪಗಳಲ್ಲ, ನಿಜವಾದ ಭಯಗಳು. ಇದಕ್ಕೆ ಕಾಯ್ದೆಯ ಸೆಕ್ಷನ್ ಹೇಳಿ ಬಾಯಿ ಮುಚ್ಚಿಸುವವರನ್ನು ಊರು ಮತ್ತೆ ಹತ್ತಿರ ಸೇರಿಸುವುದಿಲ್ಲ. ಉತ್ತರಗಳನ್ನು ಕೈಯಲ್ಲಿ ಹಿಡಿದೇ ಹೋಗಬೇಕು: ಹತ್ತಿರದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳು ಎಲ್ಲಿವೆ, ಅರ್ಜಿ ಯಾವ ತಿಂಗಳಲ್ಲಿ ಹಾಕಬೇಕು ಎಂಬ ವಿವರ. ಭಾಗ್ಯಲಕ್ಷ್ಮಿ ಬಾಂಡ್ ಇರುವ ಮನೆಗಳಿಗೆ, ಹುಡುಗಿ 18ಕ್ಕೆ ಮೊದಲು ಮದುವೆಯಾಗಿರಬಾರದೆಂಬ ಷರತ್ತು ಅದಕ್ಕಿದೆ ಎಂದು ನೆನಪಿಸಿದರೆ ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ.

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಸಲ್ಲಬೇಕಾದವರಿಗೆ ಅದರ ಹೆಸರೇ ಗೊತ್ತಿರುವುದಿಲ್ಲ. ವಿಧವೆಯ, ಪರಿತ್ಯಕ್ತೆಯ ಮಕ್ಕಳು, ಅಜ್ಜಿ ಅಥವಾ ಸೋದರಮಾವನ ಮನೆಯಲ್ಲಿರುವ ಅನಾಥರು, ಹೆತ್ತವರು ಮಾರಕ ಕಾಯಿಲೆಗೆ ಒಳಗಾದ ಮಕ್ಕಳು ಇಂಥವರಿಗೆ, ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರದಿದ್ದರೆ, ತಿಂಗಳಿಗೆ 4,000 ರೂಪಾಯಿ ನೆರವು ಸಿಗುತ್ತದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕಾನೂನು ಅರಿವಿನ ಸಭೆಯ ನಂತರ ಇಂಥ ನಾಲ್ಕು ಅರ್ಜಿಗಳನ್ನು ಅಲ್ಲೇ ಕುಳಿತು ತುಂಬಿಸಿಕೊಟ್ಟರೆ ನಿಮ್ಮ ಮುಂದಿನ ಸಭೆಗೆ ಡಂಗುರ ಬೇಕಾಗುವುದಿಲ್ಲ.

ಮಕ್ಕಳೇ ಮಾತನಾಡುವ ಸಭೆ

ದೊಡ್ಡವರಿಗೆ ಎಷ್ಟು ಹೇಳಿದರೂ, ಮಕ್ಕಳ ಹಕ್ಕಿನ ಉಲ್ಲಂಘನೆ ಮೊದಲು ಗೊತ್ತಾಗುವುದು ಆ ಮಗುವಿನ ಜೊತೆಯವರಿಗೆ. ಕರ್ನಾಟಕಕ್ಕೆ ಇದರಲ್ಲಿ ಹಳೆಯ ಅನುಭವವಿದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳಲ್ಲಿ ದುಡಿಯುವ ಮಕ್ಕಳ ‘ಭೀಮ ಸಂಘ’ವೂ, ಅದರ ಬೆನ್ನಿಗೆ ನಿಂತ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯೂ ಸೇರಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದವು. ಮುಂದೆ ರಾಜ್ಯ ಸರ್ಕಾರ 2006ರಲ್ಲಿ ಎಲ್ಲ ಗ್ರಾಮ ಪಂಚಾಯಿತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂದು ಸೂಚಿಸಿತು. ಸಾಮಾನ್ಯವಾಗಿ ಇದು ನವೆಂಬರ್ 14ರ ಮಕ್ಕಳ ದಿನಾಚರಣೆಯಿಂದ ಜನವರಿವರೆಗಿನ ಅವಧಿಯಲ್ಲಿ ನಡೆಯುತ್ತದೆ.

ನಡೆಯುವ ರೀತಿಯೇ ಪ್ರಶ್ನೆ. ಹಾರ, ಸ್ವಾಗತಗೀತೆ, ಗಣ್ಯರ ಭಾಷಣ ಮುಗಿದು ಮಕ್ಕಳಿಗೆ ಕೊನೆಯ ಹತ್ತು ನಿಮಿಷ ಉಳಿಯುವ ಸಭೆಯಿಂದ ಯಾರಿಗೂ ಲಾಭವಿಲ್ಲ. ಎರಡು ವಾರ ಮೊದಲೇ ಶಾಲೆ, ಅಂಗನವಾಡಿ, ಗ್ರಂಥಾಲಯಗಳಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಡಿಸಿ, ಹೆಸರು ಬರೆಯದೆ ಚೀಟಿ ಹಾಕಬಹುದೆಂದು ಹೇಳಿ. ಶಾಲೆ ಬಿಟ್ಟ ಮಕ್ಕಳಿಗೂ, ಕುರಿ ಕಾಯುವವರಿಗೂ, ಅಂಗವಿಕಲ ಮಕ್ಕಳಿಗೂ ಚೀಟಿ ತಲುಪಬೇಕು. ಬರೆಯಲು ಬಾರದವರು ಚಿತ್ರ ಬಿಡಿಸಲಿ. ಪೆಟ್ಟಿಗೆಯ ಬೀಗದ ಕೈ ಮುಖ್ಯ ಶಿಕ್ಷಕರ ಬಳಿ ಇರದಿರುವುದು ಉತ್ತಮ, ಏಕೆಂದರೆ ಕೆಲವು ಚೀಟಿಗಳು ಶಾಲೆಯ ಕುರಿತೇ ಇರುತ್ತವೆ.

ಚೀಟಿಗಳನ್ನು ಸಭೆಗೆ ಮುನ್ನವೇ ಒಬ್ಬ ಹೊಣೆಯುಳ್ಳ ಮಹಿಳೆ ಮತ್ತು ಒಬ್ಬ ಅಧಿಕಾರಿ ಸೇರಿ ತೆರೆದು ಎರಡಾಗಿ ವಿಂಗಡಿಸಬೇಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ, ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು, ಬಸ್ಸು ಸಂಜೆ ಬರುವುದಿಲ್ಲ, ಶಾಲೆಯ ದಾರಿಯಲ್ಲಿ ಕುಡಿದವರು ನಿಂತಿರುತ್ತಾರೆ ಎಂಬಂಥವು ಸಭೆಯಲ್ಲಿ ಓದುವ ಚೀಟಿಗಳು. ‘ನಮ್ಮ ಚಿಕ್ಕಪ್ಪ ನನ್ನ ಜೊತೆ ಸರಿಯಾಗಿ ನಡೆದುಕೊಳ್ಳುವುದಿಲ್ಲ’ ಎಂಬ ಒಂದು ಸಾಲು ಬಂದರೆ ಅದನ್ನು ಎಂದಿಗೂ ಸಭೆಯಲ್ಲಿ ಓದಬಾರದು. ಮಗು ಬಳಸಿದ ಪದಗಳು ಸಾಮಾನ್ಯವಾಗಿ ಇಷ್ಟೇ ಸೌಮ್ಯವಾಗಿರುತ್ತವೆ. ಅದರ ಹಿಂದೆ ಏನಿದೆ ಎಂಬುದನ್ನು ಊಹಿಸುವ ಅಧಿಕಾರ ನಿಮಗಿಲ್ಲ, ಅದನ್ನು ಕಡೆಗಣಿಸುವ ಅಧಿಕಾರವೂ ಇಲ್ಲ.

ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಥವಾ ನಡೆಯಬಹುದೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಮಾಹಿತಿ ಕೊಡಬೇಕು; ಕೊಡದಿರುವುದು ಅಪರಾಧ, ಸದುದ್ದೇಶದಿಂದ ಕೊಟ್ಟವರ ಮೇಲೆ ಕ್ರಮವಿಲ್ಲ. ಊರಿನ ಹಿರಿಯರು ಕೂಡಿ ರಾಜಿ ಮಾಡಿಸುವಂತಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರ ತೊಡದೆ ಪಡೆಯಬೇಕು. ಯಾವ ಕಾರಣಕ್ಕೂ ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಈ ರಕ್ಷಣೆಗಳನ್ನು ತಾಯಂದಿರಿಗೆ ವಿವರವಾಗಿ ಹೇಳಿ, ಏಕೆಂದರೆ ದೂರು ಕೊಡಲು ಅವರನ್ನು ತಡೆಯುವುದು ಠಾಣೆಯ ಭಯವೇ. ಪ್ರೌಢಶಾಲೆಯ ಹುಡುಗ ಹುಡುಗಿಯರಿಗೆ, 18ಕ್ಕಿಂತ ಕೆಳಗಿನವರ ಒಪ್ಪಿಗೆಯನ್ನು ಈ ಕಾಯ್ದೆ ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ ಎಂಬುದನ್ನೂ ನೇರವಾಗಿ ತಿಳಿಸಬೇಕು.

ಪ್ರಚಾರ ಮಾಡುವವರೇ ಹೆಚ್ಚಾಗಿ ಮುರಿಯುವ ನಿಯಮವೊಂದಿದೆ. ಮದುವೆ ನಿಲ್ಲಿಸಿದ ಸುದ್ದಿಯ ಜೊತೆ ಹುಡುಗಿಯ ಫೋಟೊ, ಕೂಲಿಯಿಂದ ಬಿಡಿಸಿದ ಬಾಲಕನ ಪಕ್ಕ ನಿಂತ ಅಧಿಕಾರಿಗಳ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸಬಾರದೆನ್ನುತ್ತದೆ; ಆರು ತಿಂಗಳವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮುಖ ಮಸುಕು ಮಾಡಿ ಊರಿನ ಹೆಸರು ಹಾಕಿದರೂ ಗುರುತು ಸಿಕ್ಕಂತೆಯೇ.

ಗುಳೆ ಹೋಗುವ ಊರುಗಳಲ್ಲಿ ಹೇಳಬೇಕಾದ ಸಂಗತಿಗಳು ಕಡಿಮೆ, ಆದರೆ ಅಗತ್ಯವಾದವು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದು ಸೇರ್ಪಡೆ ನಿರಾಕರಿಸುವಂತಿಲ್ಲ, ವರ್ಗಾವಣೆ ಪತ್ರ ತಡವಾಯಿತೆಂದು ಹೊರಗಿಡುವಂತಿಲ್ಲ; ಶಾಲೆ ತಪ್ಪಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14ರೊಳಗಿನವರನ್ನು ಯಾವ ಉದ್ಯೋಗದಲ್ಲೂ, 18ರೊಳಗಿನವರನ್ನು ಅಪಾಯಕಾರಿ ಕೆಲಸದಲ್ಲೂ ದುಡಿಸುವಂತಿಲ್ಲ. ಮನೆಯ ಸ್ವಂತ ಕಸುಬಿನಲ್ಲಿ ಶಾಲೆಯ ಹೊತ್ತಿನ ನಂತರ ಕೈಜೋಡಿಸಲು ವಿನಾಯಿತಿ ಇದೆ. ಅದನ್ನು ಮಾಲೀಕರು ದುರುಪಯೋಗ ಮಾಡಿಕೊಳ್ಳುವುದರಿಂದ ಅದರ ಮಿತಿಯನ್ನು ಸ್ಪಷ್ಟವಾಗಿ ಹೇಳಿ. ಗುಳೆ ಹೊರಡುವ ಮುನ್ನವೇ, ಹೋಗುವ ಊರಿನ ಶಾಲೆಯ ಹೆಸರನ್ನು ಕುಟುಂಬದ ಕೈಗೆ ಚೀಟಿಯಲ್ಲಿ ಬರೆದುಕೊಡುವುದು ಭಾಷಣಕ್ಕಿಂತ ಮೇಲು.

ಕೆಲಸವಾಗಿದೆಯೇ ಎಂದು ತಿಳಿಯುವುದು

ಎಷ್ಟು ಸಭೆ, ಎಷ್ಟು ಕರಪತ್ರ ಎಂಬ ಲೆಕ್ಕ ವರದಿಗೆ ಸಾಕು, ನಿಮಗೆ ಸಾಲದು. ಆರು ತಿಂಗಳಿಗೊಮ್ಮೆ ಡೇರಿ, ಸಂತೆ, ಸಂಘಗಳಲ್ಲಿ ಮೊದಲು ಕೇಳಿದ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ: ಯಾರಿಗೆ ಹೇಳಬೇಕು, ಆಮೇಲೆ ಏನಾಗುತ್ತದೆ, ವಯಸ್ಸಿಗೆ ಯಾವ ದಾಖಲೆ ಬೇಕು. ನಿಮ್ಮ ಪಂಚಾಯಿತಿಯಿಂದ 1098ಕ್ಕೆ ಹೋದ ಕರೆಗಳು ಹೆಚ್ಚಿವೆಯೇ ಎಂದು ಜಿಲ್ಲಾ ಘಟಕದಲ್ಲಿ ವಿಚಾರಿಸಿ. ಅಭಿಯಾನದ ಮೊದಲ ವರ್ಷ ದೂರುಗಳು ಹೆಚ್ಚಾದರೆ ಗಾಬರಿಯಾಗಬೇಡಿ, ಮುಚ್ಚಿಹೋಗುತ್ತಿದ್ದವು ಹೊರಬರುತ್ತಿವೆ ಎಂದೇ ಅದರ ಅರ್ಥ. ಆದರೆ ‘ನಮ್ಮ ಊರಿಗೆ ಕೆಟ್ಟ ಹೆಸರು ಬಂತು’ ಎನ್ನುವವರು ಆಗ ಏಳುತ್ತಾರೆ, ಅವರಿಗೆ ಉತ್ತರಿಸಲು ಪಂಚಾಯಿತಿ ಅಧ್ಯಕ್ಷರನ್ನು ಮೊದಲೇ ಸಿದ್ಧಗೊಳಿಸಿರಿ.

ಮದುವೆ ನಿಂತ ಹುಡುಗಿಯ ಮನೆಗೆ ತಿಂಗಳಿಗೊಮ್ಮೆಯಾದರೂ ಅಂಗನವಾಡಿ ಕಾರ್ಯಕರ್ತೆ ಅಥವಾ ಶಿಕ್ಷಕಿ ಹೋಗಿ ಬರುವ ಏರ್ಪಾಡು ಮಾಡಿ. ಬೇರೆ ತಾಲ್ಲೂಕಿನ ನೆಂಟರ ಮನೆಯಲ್ಲಿ ಅದೇ ಮದುವೆ ಗುಟ್ಟಾಗಿ ನಡೆಯುವುದು ಅಪರೂಪವಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ಬಂದ ಪ್ರತಿ ಬೇಡಿಕೆಯನ್ನೂ ನಡವಳಿ ಪುಸ್ತಕದಲ್ಲಿ ಬರೆಸಿ, ಯಾವ ಇಲಾಖೆಯ ಹೊಣೆ, ಯಾವ ದಿನಾಂಕದೊಳಗೆ ಎಂದು ಎದುರಿಗೆ ನಮೂದಿಸಿ, ಪ್ರತಿಯನ್ನು ಶಾಲೆಯ ಸೂಚನಾ ಫಲಕದಲ್ಲಿ ಅಂಟಿಸಿ. ಮುಂದಿನ ವರ್ಷದ ಸಭೆಯ ಮೊದಲ ಕಲಾಪ ಸ್ವಾಗತ ಭಾಷಣವಾಗಿರದೆ, ಹಿಂದಿನ ವರ್ಷದ ಬೇಡಿಕೆಗಳಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ, ಏಕೆ ಆಗಿಲ್ಲ ಎಂದು ಪಿಡಿಒ ಮಕ್ಕಳಿಗೆ ಓದಿ ಹೇಳುವುದಾಗಿರಲಿ. ವರ್ಗಾವಣೆಯಾದ ಅಧಿಕಾರಿಗಳ ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಅದೇ ವಾರ ಗೋಡೆಯ ಮೇಲೆ ಬದಲಿಸಿ ಬರೆಸಿ.